‘ಕಾರಣ’ ಅಳಿಸಿ ‘ಸಂಬಂಧ’ ಬರೆದ ಪಾಠ

ಕುರಕುಂಟಾದಲ್ಲಿ ಒಂಬತ್ತನೇ ತರಗತಿಗೆ ಕೀಟನಾಶಕಗಳ ಬಗ್ಗೆ ಅಭ್ಯಾಸ ಪಾಠ ಮಾಡಿದೆ. ಕಾಸರಗೋಡಿನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ ಎಂಡೋಸಲ್ಫಾನ್ ಉದಾಹರಣೆಯಾಗಿತ್ತು. ಕ್ಯಾಲಿಫೋರ್ನಿಯಾದ 2007ರ ಅಧ್ಯಯನವೊಂದರಲ್ಲಿ, ಗರ್ಭದ ಆರಂಭದಲ್ಲಿ ಎಂಡೋಸಲ್ಫಾನ್, ಡೈಕೋಫಾಲ್ ಸಿಂಪಡಿಸಿದ ಹೊಲಗಳ ಹತ್ತಿರವಿದ್ದ ತಾಯಂದಿರ ಮಕ್ಕಳಲ್ಲಿ ಆಟಿಸಂ ಹೆಚ್ಚು ಕಂಡಿತ್ತು. ಹಲಗೆಯ ಮೇಲೆ ‘ಕಾರಣ’ ಎಂದು ಬರೆದೆ.

ಒಬ್ಬ ವಿದ್ಯಾರ್ಥಿನಿ ಎದ್ದಳು: “ಸರ್, ನಮ್ಮ ತಮ್ಮಗ ಆಟಿಸಂ ಅದರಿ. ಅವ್ವ ಬಸುರಿದ್ದಾಗ ಎಣ್ಣಿ ಹೊಡೆಯೋ ತೊಗರಿ ಹೊಲಕ್ಕ ಹೋಗ್ತಿದ್ದಳು. ಅವ್ವಂದು ತಪ್ಪೇನ್ರಿ?”

‘ಕಾರಣ’ ಅಳಿಸಿ ‘ಸಂಬಂಧ’ ಬರೆದೆ. ಎರಡು ಸಂಗತಿ ಜೊತೆಗೆ ಕಂಡ ಮಾತ್ರಕ್ಕೆ ಒಂದರಿಂದಲೇ ಇನ್ನೊಂದಾಯಿತು ಎನ್ನಲಾಗದು. ಆಟಿಸಂನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಗರ್ಭಿಣಿಯರು ಎಣ್ಣೆ ಹೊಡೆಯುವಲ್ಲಿಂದ ದೂರವಿರಬೇಕು, ಆದರೆ ಅವ್ವನದು ತಪ್ಪಲ್ಲ ಎಂದೆ. ಪಾಠಯೋಜನೆಯಲ್ಲಿ ಇದಿರಲಿಲ್ಲ, ಈಗ ಸೇರಿಸಿದ್ದೇನೆ.