ಲ್ಯಾಬಿನ ಡೌನ್‌ಲೋಡ್ಸ್ ಫೋಲ್ಡರನ್ನು ಒಮ್ಮೆ ತೆರೆದು ನೋಡಿ

ಶಾಲೆಯ ಕಂಪ್ಯೂಟರ್ ಲ್ಯಾಬ್ ಎಂದರೆ ಎಲ್ಲರಿಗೂ ಒಂದೇ ಲಾಗಿನ್. ಹೆಸರು 'ಸ್ಟೂಡೆಂಟ್', ಪಾಸ್‌ವರ್ಡ್ ಇರುವುದೇ ಇಲ್ಲ, ಇದ್ದರೂ ಗೋಡೆಗೆ ಅಂಟಿಸಿರುತ್ತದೆ. ಕೊಳ್ಳೇಗಾಲ, ಯಳಂದೂರು, ಹನೂರು ಕಡೆಯ ಪ್ರೌಢಶಾಲೆಗಳಲ್ಲಿ ಗಣಿತ ಪಾಠದ ಜೊತೆಗೆ ಲ್ಯಾಬಿನ ಹೊಣೆಯೂ ನನ್ನ ಮೇಲೆ ಬಿದ್ದಿತ್ತು. ಒಂದು ಕಂಪ್ಯೂಟರನ್ನು ಎಷ್ಟು ಮಕ್ಕಳು ಬಳಸಿದರೂ ಅಡ್ಡಿಯಿಲ್ಲ. ಆದರೆ ಮಕ್ಕಳು ಕೂರುವ ಪ್ರೊಫೈಲಿನಲ್ಲೇ ಆಫೀಸಿನ ಕೆಲಸವೂ ನಡೆಯಕೂಡದು ಎಂಬುದನ್ನು ನಾನು ಕಣ್ಣಾರೆ ಕಂಡು ಕಲಿತೆ.

ಸ್ಕಾಲರ್‌ಶಿಪ್ ಅರ್ಜಿಯ ಕಾಲ ಬಂತೆಂದರೆ ಲ್ಯಾಬು ಅರ್ಧ ಆಫೀಸಾಗುತ್ತದೆ. ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ ಪೋರ್ಟಲ್, ಮಕ್ಕಳ ದಾಖಲೆಯ ಎಸ್‌ಎಟಿಎಸ್, ಶಾಲಾ ಅಂಕಿಅಂಶದ ಯು-ಡೈಸ್ ಎಲ್ಲವೂ ಅಲ್ಲೇ. ಮಕ್ಕಳ ಜಾತಿ, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಸ್ಕ್ಯಾನ್ ಆಗಿ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಂದು ಕೂರುತ್ತವೆ. ಸಂಜೆ ಎಲ್ಲರೂ ಬಸ್ಸಿಗೆ ಓಡುತ್ತಾರೆ, ಅಳಿಸುವವರಿಲ್ಲ. ಮಾರನೆಯ ದಿನ ಎಂಟನೇ ತರಗತಿಯ ಹುಡುಗನೊಬ್ಬ ಚಿತ್ರ ಹುಡುಕುತ್ತಾ ಪಕ್ಕದ ಬೆಂಚಿನವನ ಆದಾಯ ಪ್ರಮಾಣಪತ್ರ ತೆರೆದು, ಅದರಲ್ಲಿದ್ದ ಮೊತ್ತವನ್ನು ಗಟ್ಟಿಯಾಗಿ ಓದಿಬಿಟ್ಟ. ಓದಿದವನಿಗೆ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಯಾರ ಅಪ್ಪನ ಕೂಲಿಯ ಲೆಕ್ಕ ಅದಾಗಿತ್ತೋ ಆ ಹುಡುಗ ಆಮೇಲೆ ಕೆಲವು ವಾರ ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ಬ್ರೌಸರಿನದು ಇನ್ನೊಂದು ಕಥೆ. 'ಪಾಸ್‌ವರ್ಡ್ ಉಳಿಸಲೇ?' ಎಂದು ಅದು ಕೇಳುತ್ತದೆ, ಅವಸರದಲ್ಲಿ ಯಾರೋ ಹೂಂ ಎಂದಿರುತ್ತಾರೆ. ಹೀಗೆ ಪೋರ್ಟಲಿನಲ್ಲಿರುವ ಶಾಲೆಯ ಲಾಗಿನ್ ಮಕ್ಕಳ ಕೈಗೆ ಸಿಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಹೆಚ್ಚಿನ ರಕ್ಷಣೆ ಕೊಟ್ಟಿದೆ. ಕಾನೂನು ಹೇಳದಿದ್ದರೂ ಆ ಮಾಹಿತಿಯನ್ನು ಕಾಪಾಡುವುದು ನಮ್ಮ ಕರ್ತವ್ಯವೇ.

ಹಾಗಾಗಿ ಅಡ್ಮಿನ್ ಒಂದು, ಶಿಕ್ಷಕರದು ಒಂದು, ಮಕ್ಕಳಿಗೆ 8, 9, 10ಕ್ಕೆ ಒಂದೊಂದು ಎಂದು ಅಕೌಂಟುಗಳನ್ನು ಬೇರೆ ಮಾಡಿದೆ. ಮಕ್ಕಳದು ಸ್ಟ್ಯಾಂಡರ್ಡ್ ಅಕೌಂಟ್. ವಿಂಡೋಸ್‌ನಲ್ಲಿ ಆ ಅಕೌಂಟಿನಿಂದ ಇನ್ನೊಬ್ಬರ ಪ್ರೊಫೈಲ್ ಫೋಲ್ಡರ್ ತೆರೆಯಲಾಗದು. ಉಬುಂಟು ಲ್ಯಾಬಿನಲ್ಲಿ ಇಷ್ಟಕ್ಕೇ ಸುಮ್ಮನಾಗಬೇಡಿ. 21.04ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಹೊಸ ಅಕೌಂಟಿನ ಹೋಮ್ ಫೋಲ್ಡರನ್ನು ಉಳಿದ ಬಳಕೆದಾರರೂ ಓದಬಹುದಾಗಿತ್ತು. ಅಂಥ ಕಡೆ ಫೋಲ್ಡರಿನ ಅನುಮತಿಯನ್ನು ನಾವೇ 750ಕ್ಕೆ ಇಳಿಸಬೇಕು.

ಕನ್ನಡ ಟೈಪಿಂಗೂ ಪ್ರೊಫೈಲಿಗೆ ಅಂಟಿಕೊಂಡಿರುತ್ತದೆ. ಹೊಸ ಅಕೌಂಟ್ ಮಾಡಿದರೆ ಬರಿ ಇಂಗ್ಲಿಷ್ ಕೀಬೋರ್ಡ್ ಬರುತ್ತದೆ. ಹಂಚಿಕೊಂಡ ಅಕೌಂಟಿನಲ್ಲಿ ಒಬ್ಬ ಕೆಜಿಪಿ ಕೀಬೋರ್ಡ್ ವಿನ್ಯಾಸ ತೆಗೆದು ಬೇರೆಯದನ್ನು ಹಾಕಿದರೆ ಮುಂದಿನ ತಂಡಕ್ಕೆ ಅಕ್ಷರವೆಲ್ಲ ಕಲಸುಮೇಲೋಗರ. ವಿಂಡೋಸ್‌ನಲ್ಲಿ ಮಕ್ಕಳ ಪ್ರೊಫೈಲನ್ನು ಮೊದಲು ಅಚ್ಚುಕಟ್ಟಾಗಿ ಸಿದ್ಧಮಾಡಿ, ಲಾಗ್‌ಔಟ್ ಆಗಿ, ಅಡ್ಮಿನ್‌ನಿಂದ ಅದರ 'ಎನ್‌ಟಿಯೂಸರ್.ಡ್ಯಾಟ್' ಎಂಬ ಅಡಗಿದ ಫೈಲಿನ ಹೆಸರನ್ನು 'ಎನ್‌ಟಿಯೂಸರ್.ಮ್ಯಾನ್' ಎಂದು ಬದಲಿಸಿದರೆ, ಅಲ್ಲಿಂದ ಮುಂದೆ ಯಾರು ಏನೇ ಸೆಟ್ಟಿಂಗ್ ತಿರುಚಿದರೂ ಮುಂದಿನ ಲಾಗಿನ್‌ಗೆ ಹಳೆಯ ಸ್ಥಿತಿಗೆ ಬರುತ್ತದೆ.

ಲಾಗ್‌ಔಟ್ ಆದೊಡನೆ ಸೆಟ್ಟಿಂಗಿನ ಜೊತೆ ಫೈಲುಗಳನ್ನೂ ಅಳಿಸುವ ವ್ಯವಸ್ಥೆ ಹಾಕಿ ಎಂದು ಹೇಳುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವಿನ ಬರಹಕ್ಕೆ ಲ್ಯಾಬ್ ಬಿಟ್ಟರೆ ಬೇರೆ ಜಾಗವೇ ಇಲ್ಲ. ಹನೂರಿನ ಕಡೆ ಸೋಲಿಗರ ಪೋಡಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಅಜ್ಜಿ ಹೇಳಿದ ಜೇನು ಕೀಳುವ ಕಥೆಯನ್ನು ದಿನಕ್ಕಿಷ್ಟು ಎಂದು ಟೈಪ್ ಮಾಡುತ್ತಿದ್ದಳು. ಕರೆಂಟ್ ಹೋಯಿತು, ಯುಪಿಎಸ್ ತಡೆಯಲಿಲ್ಲ. ಮತ್ತೆ ಹಾಕಿದಾಗ ವಿಂಡೋಸ್ ತಾತ್ಕಾಲಿಕ ಪ್ರೊಫೈಲಿನಲ್ಲಿ ತೆರೆದುಕೊಂಡಿತು: ಖಾಲಿ ಡೆಸ್ಕ್‌ಟಾಪ್. "ಸಾ, ಬರ್ದಿದ್ದೆಲ್ಲಾ ಹೊಂಟೋಯ್ತು ಸಾ" ಎಂದು ಕಣ್ಣು ತುಂಬಿಕೊಂಡಳು. ಹೋಗಿರಲಿಲ್ಲ. ಅಡ್ಮಿನ್‌ನಿಂದ ಸಿ ಡ್ರೈವಿನ ಯೂಸರ್ಸ್ ಫೋಲ್ಡರ್ ತೆರೆದರೆ ಹಳೆಯ ಪ್ರೊಫೈಲೂ ಅದರೊಳಗಿನ ಕಥೆಯೂ ಹಾಗೇ ಇದ್ದವು. ತಾತ್ಕಾಲಿಕ ಪ್ರೊಫೈಲಿನಲ್ಲಿ ಹೊಸದಾಗಿ ಉಳಿಸಿದ್ದು ಮಾತ್ರ ಲಾಗ್‌ಔಟ್ ಆದಾಗ ಅಳಿಯುತ್ತದೆ. ಆದ್ದರಿಂದ ಅಂಥ ಪರದೆ ಕಂಡರೆ ಮಕ್ಕಳನ್ನು ಬರೆಯಲು ಬಿಡಬೇಡಿ, ಮೊದಲು ಪ್ರೊಫೈಲ್ ಸರಿಮಾಡಿ.

ಅಂದಿನಿಂದ ಮಕ್ಕಳ ಕೆಲಸ ಡೆಸ್ಕ್‌ಟಾಪಿನಲ್ಲಿ ಇರಬಾರದೆಂದು ನಿಯಮ ಮಾಡಿದೆ. ಡಿ ಡ್ರೈವಿನಲ್ಲಿ ಒಬ್ಬೊಬ್ಬರಿಗೂ ಒಂದು ಫೋಲ್ಡರ್, ಅದಕ್ಕೆ ದಾಖಲಾತಿ ಸಂಖ್ಯೆಯೇ ಹೆಸರು. ಹಾಜರಿ ಸಂಖ್ಯೆ ವರ್ಷವರ್ಷ ಬದಲಾಗುತ್ತದೆ, ದಾಖಲಾತಿ ಸಂಖ್ಯೆ ಹತ್ತನೇ ತರಗತಿ ಮುಗಿಯುವವರೆಗೂ ಅದೇ. ಶನಿವಾರ ಅದೆಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿ ಬೀರುವಿನಲ್ಲಿಡುತ್ತಿದ್ದೆ.

ಲ್ಯಾಬ್ ನೋಡಿಕೊಳ್ಳುವ ಸಹೋದ್ಯೋಗಿಗಳಲ್ಲಿ ನನ್ನದೊಂದು ವಿನಂತಿ. ಈ ವಾರ ಬಿಡುವು ಮಾಡಿಕೊಂಡು ಪ್ರತಿ ಕಂಪ್ಯೂಟರಿನ ಸ್ಟೂಡೆಂಟ್ ಲಾಗಿನ್‌ನಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ತೆರೆಯಿರಿ. ಮಕ್ಕಳ ದಾಖಲೆಗಳಿದ್ದರೆ ಶಿಕ್ಷಕರ ಅಕೌಂಟಿಗೆ ಸಾಗಿಸಿ, ಇಲ್ಲಿಂದ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಬ್ರೌಸರಿನಲ್ಲಿ ಉಳಿದಿರುವ ಪಾಸ್‌ವರ್ಡುಗಳನ್ನು ತೆಗೆದು, ಪೋರ್ಟಲಿನ ಪಾಸ್‌ವರ್ಡನ್ನು ಅಂದೇ ಬದಲಿಸಿ.