ಶಾಂತಿಸಾಧನೆಯ ಶಿಕ್ಷಣ: ವಾಜಿರ್ ಪ್ರಾಂತದ ನಿದರ್ಶನ

ಆಫ್ರಿಕಾ ಖಂಡದ ಕೆನ್ಯಾ ದೇಶದಲ್ಲಿ, ಸೋಮಾಲಿಯಾದ ಗಡಿಗೆ ತಾಗಿಕೊಂಡು ವಾಜಿರ್ ಎಂಬ ಪ್ರಾಂತವಿದೆ. ಮಳೆ ವಿರಳ, ಬೇಸಾಯ ಇಲ್ಲವೆನ್ನುವಷ್ಟು ಅಲ್ಪ. ಒಂಟೆ, ದನ, ಆಡು, ಕುರಿಗಳೇ ಅಲ್ಲಿಯವರ ಆಸ್ತಿ. ಬಹುಪಾಲು ಸೋಮಾಲಿ ಜನಾಂಗಕ್ಕೆ ಸೇರಿದ ಈ ಜನರಲ್ಲಿ ಅಜುರಾನ್, ದೆಗೋದಿಯಾ, ಒಗಾಡೆನ್ ಎಂಬವು ಮುಖ್ಯ ಕುಲಗಳು. ಮತ ಒಂದೇ, ಜೀವನಕ್ರಮವೂ ಒಂದೇ. ಆದರೆ ಬಾವಿ ಯಾರದು, ಹುಲ್ಲುಗಾವಲು ಯಾರದು ಎಂಬ ಪ್ರಶ್ನೆ ಎದ್ದಾಗ ಕುಲಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಇಂಥ ನೆಲದ ಹಿರಿಯರು, ಸ್ತ್ರೀಯರು, ತರುಣರು ಸಂಧಾನದ ವಿದ್ಯೆಯನ್ನು ಕಲಿತ ಬಗೆ, ಹಾಗೂ ಆ ವಿದ್ಯೆ ಎಲ್ಲಿಯವರೆಗೆ ನಡೆಯಬಲ್ಲುದೆಂಬುದು ಅಧ್ಯಯನಯೋಗ್ಯವಾದ ವಿಷಯವಾಗಿದೆ.

ಸ್ವಾತಂತ್ರ್ಯ ಬಂದ 1963ರಲ್ಲಿಯೇ ಈ ಭಾಗದ ಮೇಲೆ ತುರ್ತುಶಾಸನ ಹೇರಲ್ಪಟ್ಟಿತು. ಅದು ರದ್ದಾದುದು 1991ರಲ್ಲಿ. 1984ರ ಫೆಬ್ರವರಿಯಲ್ಲಿ ವಗಲ್ಲಾ ಎಂಬಲ್ಲಿಯ ವಿಮಾನದಾಣದಲ್ಲಿ ದೆಗೋದಿಯಾ ಕುಲದ ಗಂಡಸರನ್ನು ಸರ್ಕಾರದ ಪಡೆಗಳೇ ಕೂಡಿಹಾಕಿ ನೂರಾರು ಮಂದಿಯನ್ನು ಕೊಂದವು. ಪೊಲೀಸರೆಂದರೆ ರಕ್ಷಕರೆಂಬ ಭಾವನೆ ಅಲ್ಲಿ ಬೇರೂರದೆ ಹೋದದ್ದು ಸಹಜ. ಇದರ ಮೇಲೆ ಬರಗಾಲ, ಸೋಮಾಲಿಯಾದ ಅಂತರ್ಯುದ್ಧದಿಂದ ಹರಿದುಬಂದ ಬಂದೂಕುಗಳು, 1992ರ ಚುನಾವಣೆಯ ಪೈಪೋಟಿ ಎಲ್ಲವೂ ಒಟ್ಟಿಗೆ ಬಂದೆರಗಿದುವು. ಕುಲಕುಲಗಳ ಕಾದಾಟದಲ್ಲಿ ನೂರಾರು ಪ್ರಾಣಗಳು ಹೋದುವು. ಪೇಟೆಯಲ್ಲಿ ಒಂದು ಕುಲದ ಹೆಂಗಸು ಮಾರುವ ಹಾಲನ್ನು ಇನ್ನೊಂದು ಕುಲದವರು ಕೊಳ್ಳದಂತಾಯಿತು.

ಬದಲಾವಣೆ ಮೊದಲಾದುದು ಆ ಪೇಟೆಯಲ್ಲಿಯೇ. ಒಂದು ಮದುವೆಯ ಮನೆಯಲ್ಲಿ ಕಲೆತ ಕೆಲವರು ಸ್ತ್ರೀಯರು ಕುಲಭೇದವನ್ನು ಬದಿಗಿಟ್ಟು ಸಮಾಲೋಚಿಸಿದರು. 1964ರಲ್ಲಿ ಜನಿಸಿದ ದೆಖಾ ಇಬ್ರಾಹಿಂ ಅಬ್ದಿ ಅವರಲ್ಲೊಬ್ಬರು. ಯಾರೇ ಆಗಲಿ ಪೇಟೆಗೆ ಬಂದು ನಿರ್ಭಯವಾಗಿ ಕೊಳ್ಳಬಹುದು, ಮಾರಬಹುದು ಎಂಬ ಕಟ್ಟಳೆಯನ್ನು ಅವರು ಮಾಡಿಕೊಂಡು, ಅದು ನಡೆಯುತ್ತಿದೆಯೇ ಎಂದು ನೋಡಿಕೊಳ್ಳಲು ತಮ್ಮಲ್ಲಿಯೇ ಕೆಲವರನ್ನು ನೇಮಿಸಿದರು. ಅನಂತರ ಹಿರಿಯರ ಬಳಿಗೆ ಹೋದರು. ಸಭೆಯಲ್ಲಿ ಮುಂದಾಳಾಗಿ ನಿಂತವರು ಅತ್ಯಂತ ಚಿಕ್ಕ ಕುಲವೊಂದರ ಹಿರಿಯರು. ದೊಡ್ಡ ಕುಲಗಳಲ್ಲಿ ಯಾವುದಕ್ಕೂ ಅವರಿಂದ ಭಯವಿರಲಿಲ್ಲ. ಬಲಾಢ್ಯರೇ ನ್ಯಾಯ ಹೇಳಬೇಕೆಂಬ ವಾಡಿಕೆಗೆ ಇದು ವಿರುದ್ಧವಾದ ಜಾಣ್ಮೆ. 1993ರ ಸೆಪ್ಟೆಂಬರಿನಲ್ಲಿ ಹಿರಿಯರು ಅಲ್ ಫತಾ ಘೋಷಣೆಗೆ ಒಪ್ಪಿದರು. 1995ರಲ್ಲಿ ಶಾಂತಿ ಸಮಿತಿಗೆ ಜಿಲ್ಲಾಡಳಿತದಲ್ಲಿಯೇ ಸ್ಥಾನ ದೊರೆಯಿತು. ಕೊಲೆಯ ಅಥವಾ ದನದ ಕಳವಿನ ಸುದ್ದಿ ಬಂದೊಡನೆ ಹಿರಿಯರು, ಮತಾಚಾರ್ಯರು, ಸ್ತ್ರೀಯರು, ಭದ್ರತಾಧಿಕಾರಿಗಳು ಕೂಡಿ ಸ್ಥಳಕ್ಕೆ ಧಾವಿಸುವ ತಂಡವೊಂದು ಸಿದ್ಧವಾಯಿತು. ಸೇಡಿಗೆ ಹೊರಡುವ ಮುನ್ನವೇ ತಲುಪುವುದು ಅದರ ಮುಖ್ಯ ನಿಯಮ.

ಇಂಥ ಸಮಿತಿಗಳ ಸದಸ್ಯರಿಗೆ ಕಲಿಸುವ ಪಾಠಗಳ ಸ್ವರೂಪವೇನು? ದೆಖಾ ಅವರು ಇತರರೊಡನೆ ಸೇರಿ ಬರೆದು 2000ದಲ್ಲಿ ಪ್ರಕಟವಾದ ಕೈಪಿಡಿಯೊಂದರಲ್ಲಿ ಕಲಹವನ್ನು ಈರುಳ್ಳಿಗೆ ಹೋಲಿಸಿದೆ. ಹೊರಸಿಪ್ಪೆ ಎಂದರೆ ಬಾಯಲ್ಲಿ ಹೇಳುವ ಮಾತು. ಅದರೊಳಗೆ ನಿಜವಾಗಿ ಬಯಸುವುದು. ತಿರುಳಿನಲ್ಲಿ ಬಿಟ್ಟಿರಲಾಗದ ಅಗತ್ಯ. ವಾಜಿರಿನ ಬಾವಿಗೆ ಇದನ್ನು ಅನ್ವಯಿಸಿ ನೋಡಬಹುದು. “ಈ ಬಾವಿ ನಮ್ಮದು” ಎಂಬುದು ಸಿಪ್ಪೆ. ಬರಗಾಲದಲ್ಲಿ ನಮ್ಮ ಒಂಟೆಗಳು ಮೊದಲು ಕುಡಿಯಲಿ ಎಂಬುದು ಒಳಪದರ. ಕುಟುಂಬ ಬದುಕಿ ಉಳಿಯಲಿ, ಮಾನ ಉಳಿಯಲಿ ಎಂಬುದು ತಿರುಳು. ಸಿಪ್ಪೆಯ ಮಟ್ಟದಲ್ಲಿ ಇಬ್ಬರಿಗೂ ಬಾವಿಯನ್ನು ಕೊಡಲಾಗದು. ತಿರುಳಿನ ಮಟ್ಟದಲ್ಲಿ ಸರದಿಯಂತೆ ನೀರು ಕೊಡಬಹುದು. ಇನ್ನೊಂದು ಅಭ್ಯಾಸದಲ್ಲಿ ಮರದ ಚಿತ್ರ ಬರೆದು, ಕಾಂಡಕ್ಕೆ ಸಮಸ್ಯೆಯನ್ನೂ ಬೇರಿಗೆ ಕಾರಣವನ್ನೂ ಕೊಂಬೆಗೆ ಪರಿಣಾಮವನ್ನೂ ಹಚ್ಚುತ್ತಾರೆ. ಬಂದೂಕು ಬೇರೋ ಕೊಂಬೆಯೋ ಎಂಬುದರ ಮೇಲೆ ವಾದ ಹುಟ್ಟಿಕೊಳ್ಳುವುದುಂಟು. ಆ ವಾದವೇ ಪಾಠ. ನಿನ್ನೆಯವರೆಗೆ ಮುಖ ನೋಡದಿದ್ದವರು ಒಂದೇ ಕಾಗದದ ಸುತ್ತ ಬಾಗಿ ಚರ್ಚಿಸುವುದು ಸಣ್ಣ ಸಂಗತಿಯೇನಲ್ಲ.

ದೋಷವಿಲ್ಲದ ಪದ್ಧತಿ ಇದೆಂದು ಭಾವಿಸಬೇಕಾಗಿಲ್ಲ. ಸೋಮಾಲಿ ಸಂಪ್ರದಾಯದಂತೆ ಹತನಾದ ಪುರುಷನಿಗೆ 100 ಒಂಟೆ, ಸ್ತ್ರೀಗೆ 50 ಒಂಟೆ ಪರಿಹಾರ. ಸಂಧಾನವನ್ನು ಹೆಣೆದವರು ಸ್ತ್ರೀಯರು. ಲೆಕ್ಕದಲ್ಲಿ ಮಾತ್ರ ಅವರ ಪ್ರಾಣ ಅರ್ಧವಾಯಿತು. ಅಲ್ಲದೆ ಕುಲವೆಲ್ಲ ಸೇರಿ ದಂಡ ತೆರುವುದರಿಂದ ಕೊಂದವನು ಶಿಕ್ಷೆಯಿಲ್ಲದೆ ಉಳಿಯುವ ಸಂಭವವೂ ಇದೆ. ಸೇಡಿನ ಸರಪಳಿ ಕಡಿಯಿತೆಂಬುದೊಂದೇ ಇದರ ಸಮರ್ಥನೆ.

ಮುಂದೆ ಬೇರೊಂದು ಬಗೆಯ ಹಿಂಸೆ ಬಂದಿತು. 2011ರ ಅಕ್ಟೋಬರಿನಲ್ಲಿ ಕೆನ್ಯಾದ ಸೈನ್ಯ ಸೋಮಾಲಿಯಾವನ್ನು ಹೊಕ್ಕ ಮೇಲೆ ಅಲ್ ಶಬಾಬ್ ಎಂಬ ಉಗ್ರಪಂಥದ ದಾಳಿಗಳು ಹೆಚ್ಚಿದುವು. 2015ರ ಏಪ್ರಿಲ್ 2ರಂದು ನೆರೆಯ ಗರಿಸ್ಸಾದ ವಿಶ್ವವಿದ್ಯಾಲಯ ಕಾಲೇಜಿನಲ್ಲಿ 148 ಜನ ಹತರಾದರು. ಅವರಲ್ಲಿ ಬಹುಮಂದಿ ವಿದ್ಯಾರ್ಥಿಗಳು. ಇಲ್ಲಿ ಹಳೆಯ ವಿದ್ಯೆ ಅರ್ಧದಾರಿಯಲ್ಲಿ ನಿಲ್ಲುತ್ತದೆ. ದಂಡ ತೆರಲು ಎದುರಿಗೆ ಕುಲವಿಲ್ಲ. ಮಾತಿಗೆ ಕೂರಿಸಲು ಹಿರಿಯರಿಲ್ಲ. ತರುಣನನ್ನು ಮನೆಯವರಿಗೆ ತಿಳಿಯದಂತೆ ಒಬ್ಬೊಬ್ಬನಾಗಿ ಸೆಳೆಯಲಾಗುತ್ತದೆ. ಹೀಗಾಗಿ ಊರಿನ ಮುಖಂಡರು ಕಲಿಯಬೇಕಾದುದು ಎರಡು ಪಕ್ಷಗಳನ್ನು ಒಂದುಗೂಡಿಸುವುದಷ್ಟೇ ಆಗಿ ಉಳಿಯಲಿಲ್ಲ. ಶಾಲೆ ಬಿಟ್ಟ ಹುಡುಗನ ಮೌನವನ್ನು ಗುರುತಿಸುವುದು, ಅವನ ತಾಯಿ ಹೆದರದೆ ಬಂದು ಹೇಳಿಕೊಳ್ಳುವಂತಿರುವುದು, ಹೇಳಿದ ಮಾತು ಅವನ ಬಂಧನಕ್ಕೋ ಕಣ್ಮರೆಗೋ ಕಾರಣವಾಗದಂತೆ ಅಧಿಕಾರಿಗಳೊಡನೆ ಮೊದಲೇ ಗೊತ್ತುಮಾಡಿಕೊಳ್ಳುವುದು ಮುಖ್ಯವಾದುವು. ಕೊನೆಯದೇ ಅತ್ಯಂತ ಕಠಿನ. ವಗಲ್ಲಾದ ನೆನಪು ಆ ತಾಯಿಗೂ ಇದೆ. 2016ರಲ್ಲಿ ಕೆನ್ಯಾ ಸರ್ಕಾರ ಉಗ್ರವಾದ ನಿಗ್ರಹಕ್ಕೆ ರಾಷ್ಟ್ರೀಯ ಕಾರ್ಯನೀತಿಯನ್ನು ಪ್ರಕಟಿಸಿ, ಅನಂತರ ಪ್ರಾಂತಪ್ರಾಂತಗಳಲ್ಲಿ ಯೋಜನೆಗಳನ್ನು ರೂಪಿಸತೊಡಗಿತು. ಬಂದೂಕಿನಿಂದಲೇ ಎಲ್ಲವೂ ಆಗದೆಂಬ ಒಪ್ಪಿಗೆ ಅದರಲ್ಲಿದೆ.

2014ರ ನವೆಂಬರಿನಲ್ಲಿ, ಇನ್ನೂ ಉತ್ತರಕ್ಕಿರುವ ಮಂಡೇರಾದ ಬಳಿ ಬಸ್ಸೊಂದನ್ನು ತಡೆದು, ಮುಸ್ಲಿಮರಲ್ಲದ 28 ಪ್ರಯಾಣಿಕರನ್ನು ಬೇರ್ಪಡಿಸಿ ಕೊಲ್ಲಲಾಗಿತ್ತು. 2015ರ ಡಿಸೆಂಬರ್ 21ರಂದು ಮಂಡೇರಾಕ್ಕೆ ಹೋಗುತ್ತಿದ್ದ ಮತ್ತೊಂದು ಬಸ್ಸನ್ನು ಹಾಗೆಯೇ ತಡೆದಾಗ, ಮುಸ್ಲಿಂ ಪ್ರಯಾಣಿಕರು ಬೇರೆ ನಿಲ್ಲಲು ಒಪ್ಪಲಿಲ್ಲ. ಸ್ತ್ರೀಯರು ತಮ್ಮ ತಲೆವಸ್ತ್ರಗಳನ್ನು ಕ್ರೈಸ್ತ ಸಹಪ್ರಯಾಣಿಕರಿಗೆ ಕೊಟ್ಟು ಮರೆಮಾಡಿದರು. ಆ ಬಸ್ಸಿನಲ್ಲಿ ಗುಂಡೇಟು ತಿಂದವರಲ್ಲಿ ಸಾಲಾ ಫರಾಹ್ ಎಂಬ ಶಾಲಾಶಿಕ್ಷಕರೊಬ್ಬರು. ಅವರು ಮರುವರ್ಷದ ಜನವರಿಯಲ್ಲಿ ನೈರೋಬಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.