ಕಲಾಸವರ್ಣ

ವಿಜಯಪುರ ಜಿಲ್ಲೆಯ ಕೊಲ್ಹಾರವು ಕೃಷ್ಣಾನದಿಯ ದಡದ ಊರು. ಮಣ್ಣಿನ ಗಡಿಗೆಗಳಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುವ ಇಲ್ಲಿನ ಮೊಸರು ಉತ್ತರ ಕರ್ನಾಟಕದಲ್ಲೆಲ್ಲ ಹೆಸರುವಾಸಿ. ಒಂದೇ ಅಳತೆಯ ಎರಡು ಗಡಿಗೆಗಳ ಪೈಕಿ ಒಂದರಲ್ಲಿ ಕಾಲುಭಾಗ, ಇನ್ನೊಂದರಲ್ಲಿ ಆರರಲ್ಲೊಂದು ಭಾಗ ಮೊಸರು ಉಳಿದಿದೆಯೆಂದು ಭಾವಿಸೋಣ. ಎರಡನ್ನೂ ಒಂದೇ ಗಡಿಗೆಗೆ ಹಾಕಿದರೆ ಅದು ಎಷ್ಟು ತುಂಬೀತು? ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿಸುವ ಆತುರಗಾರನಿಗೆ 2/10, ಅಂದರೆ ಐದರಲ್ಲೊಂದು ಭಾಗ, ಎಂಬ ಉತ್ತರ ದೊರೆಯುತ್ತದೆ. ಇದು ಮೊದಲಿದ್ದ ಕಾಲುಭಾಗಕ್ಕಿಂತಲೂ ಕಡಿಮೆ! ಹಾಕಿದಷ್ಟೂ ಮೊಸರು ಕುಗ್ಗುವಂಥ ಗಡಿಗೆಯನ್ನು ಯಾವ ಕುಂಬಾರನೂ ಮಾಡಿಲ್ಲ.

ಛೇದವು ತುಂಡಿನ ಗಾತ್ರವನ್ನು ಹೇಳುತ್ತದೆ; ಅಂಶವು ತುಂಡುಗಳ ಎಣಿಕೆಯನ್ನು ಹೇಳುತ್ತದೆ. ಗಾತ್ರವೇ ಬೇರೆಬೇರೆಯಾಗಿರುವಾಗ ಒಟ್ಟಿಗೆ ಎಣಿಸುವುದಕ್ಕೆ ಅರ್ಥವಿಲ್ಲ. ಗಡಿಗೆಯನ್ನು ಹನ್ನೆರಡು ಸಮಭಾಗಗಳೆಂದು ಎಣಿಸಿದರೆ ಕಾಲುಭಾಗದಲ್ಲಿ ಅಂಥವು ಮೂರು, ಆರರಲ್ಲೊಂದು ಭಾಗದಲ್ಲಿ ಎರಡು. ಕೂಡಿದರೆ 5/12. ಅರ್ಧ ಗಡಿಗೆ ತುಂಬಲು ಇನ್ನೂ 1/12 ಬೇಕು.

ಈ ಹನ್ನೆರಡನ್ನು ಕಂಡುಕೊಳ್ಳುವ ಬಗೆಯನ್ನು ಕನ್ನಡನಾಡಿನ ಗಣಿತಜ್ಞನೊಬ್ಬನು ಬಹುಹಿಂದೆಯೇ ಹೇಳಿದ್ದಾನೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಎಂ. ರಂಗಾಚಾರ್ಯರು ಅದನ್ನು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಭಿನ್ನರಾಶಿಗಳ ಪ್ರಕರಣಕ್ಕೆ ಅಲ್ಲಿರುವ ಹೆಸರು 'ಕಲಾಸವರ್ಣ'. ಕಲೆಯೆಂದರೆ ಭಾಗ, ಸವರ್ಣವೆಂದರೆ ಒಂದೇ ಬಣ್ಣದ್ದು. ಎಷ್ಟು ಸೊಗಸಾದ ಹೆಸರು! ನಾವು ಲಘುತಮ ಸಾಮಾನ್ಯ ಅಪವರ್ತ್ಯ ಎನ್ನುವುದನ್ನು ಮಹಾವೀರನು 'ನಿರುದ್ಧ'ವೆಂದು ಕರೆದಿದ್ದಾನೆ. ಛೇದಗಳನ್ನು ಅವುಗಳ ಸಾಮಾನ್ಯ ಅಪವರ್ತನಗಳಿಂದ ಭಾಗಿಸುತ್ತ ಹೋಗಬೇಕು. ಆ ಅಪವರ್ತನಗಳನ್ನೂ ಕೊನೆಗುಳಿದ ಭಾಗಲಬ್ಧಗಳನ್ನೂ ಗುಣಿಸಿದರೆ ನಿರುದ್ಧ ದೊರೆಯುತ್ತದೆ. 4 ಮತ್ತು 6ಕ್ಕೆ 2 ಸಾಮಾನ್ಯ. ಉಳಿಯುವುವು 2 ಮತ್ತು 3. ಮೂರನ್ನೂ ಗುಣಿಸಿದರೆ 12.

ಮೊಸರಿನ ಲೆಕ್ಕ ತಪ್ಪಿದರೆ ಹೆಚ್ಚು ನಷ್ಟವಿಲ್ಲ. ಹೊಲದ ಲೆಕ್ಕ ಹಾಗಲ್ಲ. ಮೂವತ್ತು ಎಕರೆಯ ಜೋಳದ ಹೊಲವೊಂದರಲ್ಲಿ ಒಬ್ಬ ಹೆಣ್ಣುಮಗಳಿಗೆ ತಂದೆಯಿಂದ 1/6, ಅಜ್ಜಿಯಿಂದ 1/10 ಪಾಲು ಬಂದಿದೆ. 1/15 ಪಾಲನ್ನು ಆಕೆಯೇ ಕೊಂಡಿದ್ದಾಳೆ ಎನ್ನೋಣ. 6, 10, 15ರ ನಿರುದ್ಧವು 30. ಆಕೆಯ ಪಾಲು 5/30, 3/30 ಮತ್ತು 2/30. ಕೂಡಿ 10/30, ಎಂದರೆ ಹತ್ತು ಎಕರೆ. ಮೂರು ಛೇದಗಳನ್ನೂ ಗುಣಿಸಿ 900ನ್ನು ಹಿಡಿದಿದ್ದರೂ 300/900 ಎಂದು ಅದೇ ಹತ್ತು ಎಕರೆ ಬರುತ್ತಿತ್ತು. ಶ್ರಮ ಮಾತ್ರ ಹೆಚ್ಚು. ಆತುರಗಾರನ ಲೆಕ್ಕದಂತೆ ಆಕೆಗೆ ಸಿಗುವುದು 3/31. ಅದು ಮೂರು ಎಕರೆಯೂ ಆಗದು.